ರಸ್ತೆಯ ಕಲ್ಲಿನಿಂದ ಹಳ್ಳದವರೆಗೆ

ಕುಷ್ಟಗಿ
20 ನವೆಂಬರ್ 2025, ಗುರುವಾರ

ಖುರ್ಷಿದಾಳಿಗೆ ಸುರೇಖಾ ಹೇಳುವ ಸಲಾಂ.

ನಿಮ್ಮ ಹೊಲಕ್ಕೂ ನಮ್ಮ ಹೊಲಕ್ಕೂ ನಡುವಿನ ಗಡಿ ಈಗ ತಂತಿ ಬೇಲಿ ಇರುವಲ್ಲಿ ಇಲ್ಲ. ರಸ್ತೆಯ ಬದಿಯಲ್ಲಿ ಬೇಲಿಯೂ ಗಡಿಯೂ ಒಂದೇ ಕಲ್ಲಿನಿಂದ ಹೊರಡುತ್ತವೆ. ಹಳ್ಳದ ದಂಡೆ ಮುಟ್ಟುವ ಹೊತ್ತಿಗೆ ಬೇಲಿ ಇಪ್ಪತ್ತು ಅಡಿ ನಿಮ್ಮ ಹೊಲದೊಳಗೆ ಸರಿದಿದೆ. ಹಾಗೆ ಬೇಲಿಯೊಳಗೆ ಸೇರಿಹೋದ ಬಾವಿ ನಿಮ್ಮದು. ಮೊನ್ನೆ ಮಂಗಳವಾರ ಅಳತೆ ಮಾಡಿ ಇದನ್ನು ತಿಳಿಸಿದವರು ಸರ್ಕಾರಿ ಭೂಮಾಪಕ ಸಿದ್ದೇಶ. ಪಂಚನಾಮೆಗೆ ಐದು ಜನ ಸಹಿ ಮಾಡಿದ್ದಾರೆ. ಮೊದಲನೆಯ ಸಹಿ ನನ್ನದು.

ನೀನು ನನ್ನ ಫೋನ್ ಎತ್ತದೆ ಆರು ವರ್ಷಕ್ಕೆ ಬಂತು. ಎತ್ತಬೇಕಿತ್ತು ಎಂದು ನಾನು ಹೇಳುವುದಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಹೇಳಿ ಅರ್ಧ ನುಂಗುತ್ತೇನೆ ಎಂದು ನನಗೇ ಭಯ. ಅದಕ್ಕಾಗಿ ಬರೆದು, ನಿನ್ನ ಶಾಲೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಮೊದಲು ನೀನು ಓದು. ಆಮೇಲೆ ನಿನ್ನ ಅಮ್ಮನಿಗೆ, ನನ್ನ ಚಾಚಿಗೆ, ಓದಿ ಹೇಳು. ಯಾಕೆ ಎಂಬುದು ಕೊನೆಗೆ ಬರುತ್ತದೆ.

ಅಳತೆಗೆ ಅರ್ಜಿ ಹಾಕಿದವಳು ನಾನು. ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ನನ್ನ ಹೆಸರೂ ತಮ್ಮ ಬಸವಕುಮಾರನ ಹೆಸರೂ ಜಂಟಿಯಾಗಿ ಬಂದಿವೆ. ಭಾಗ ಮಾಡಿಕೊಳ್ಳುವ ಮೊದಲು ಗಡಿ ಗೊತ್ತಿರಲಿ ಎಂದು ಆಗಸ್ಟ್‌ನಲ್ಲಿ ಹದ್ದುಬಸ್ತಿಗೆ ಹಾಕಿದ್ದೆ. ಚಾಚಿಯ ಹೆಸರಿನ ನೋಟಿಸ್ ಊರಿನ ಮನೆಯ ವಿಳಾಸಕ್ಕೆ ಬಂದಿತ್ತು. ದಾಖಲೆಯಲ್ಲಿರುವುದು ಅದೇ ವಿಳಾಸ. ಚಾಚಿ ನಿನ್ನ ಹತ್ತಿರ ಗಂಗಾವತಿಗೆ ಬಂದ ಮೇಲೆ ಆ ಬಾಗಿಲಿಗೆ ಬೀಗ. ಹೀಗಾಗಿ ಅವತ್ತು ನಿಮ್ಮ ಪರವಾಗಿ ನಿಂತವಳು ಪಕ್ಕೀರವ್ವ ಒಬ್ಬಳೇ. ನಿನಗೆ ನೆನಪಿರಬಹುದು, ನಿಮ್ಮ ಹೊಲ ನಮ್ಮ ಹೊಲ ಎನ್ನದೆ ನಲವತ್ತು ವರ್ಷ ಎರಡರಲ್ಲೂ ಕಳೆ ತೆಗೆದವಳು.

ಸಿದ್ದೇಶ ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಮೂರು ಕಾಲಿನ ಯಂತ್ರವನ್ನು ರಸ್ತೆಯ ಕಲ್ಲಿನ ಮೇಲೆ ನಿಲ್ಲಿಸಿ, ಊರ ನಕ್ಷೆ ನೋಡಿ, ಹಳ್ಳದ ಕಡೆಗೆ ಒಂದು ಕೆಂಪು ಬಾವುಟ ಊರಿಸಿದರು. ಬಾವುಟ ಬಿದ್ದದ್ದು ಬಸವಕುಮಾರನ ದಾಳಿಂಬೆ ಸಾಲುಗಳ ನಡುವೆ, ಬೇಲಿಯಿಂದ ಇಪ್ಪತ್ತು ಅಡಿ ಪಶ್ಚಿಮಕ್ಕೆ. ತಮ್ಮ ಒಪ್ಪಲಿಲ್ಲ. ಯಂತ್ರ ಬಿಸಿಲಿಗೆ ಸುಳ್ಳು ಹೇಳುತ್ತದೆ ಎಂದ. ಸಿದ್ದೇಶ ಮಾತಿಗೆ ನಿಲ್ಲದೆ ಬಾವುಟದ ಕೆಳಗೆ ಅಗೆಯಲು ಹೇಳಿದರು. ಒಂದೂವರೆ ಅಡಿ ಹೂಳು ತೆಗೆದಾಗ ಸಲಿಕೆಗೆ ಕಲ್ಲು ತಾಗಿತು. ತಲೆ ಒಡೆದಿದೆ, ಆದರೆ ನೆಟ್ಟದ್ದು ನೆಟ್ಟ ಹಾಗೆಯೇ ನಿಂತಿದೆ. ನಾವು ನಾಲ್ಕನೇ ಇಯತ್ತೆಯಲ್ಲಿದ್ದಾಗ ಹಳ್ಳ ಬಂದು ಕೊಚ್ಚಿಕೊಂಡು ಹೋಯಿತು ಎಂದು ಎಲ್ಲರೂ ಅಂದುಕೊಂಡಿದ್ದ ಗಡಿಯ ಬಾಂದುಕಲ್ಲು ಅದು.

ಪಕ್ಕೀರವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಅಂದಳು: “ಸತ್ತೈತಂತ ದಿನಾ ಮಾಡಿ ಕೈ ತೊಳಕೊಂಡ ಕಲ್ಲು ಎದ್ದು ಕುಂತೈತಿ ನೋಡ್ರೀ.”

ಬಸವಕುಮಾರನಿಗೆ ರೇಗಿತು. “ನೀ ಸುಮ್ಕಿರ ಬೇ ಪಕ್ಕೀರವ್ವ.”

“ನಾ ಸುಮ್ನ ಅದೀನಪಾ ತಮ್ಮಾ. ಕಲ್ಲ ಮಾತಾಡಾಕತ್ತೈತಿ.”

ಯಾರೂ ನಗಲಿಲ್ಲ. ಸಿದ್ದೇಶರ ಕೈಯಲ್ಲಿ, ಬೇಲಿ ಹಾಕುವ ಮೊದಲು 2020ರಲ್ಲಿ ಮಾಡಿಕೊಂಡ ನಮ್ಮ ಹಳೆಯ ಒಪ್ಪಂದ ಪತ್ರವಿತ್ತು. ಅದಕ್ಕೆ ಲಗತ್ತಿಸಿದ ನನ್ನ ಲೆಕ್ಕದ ಹಾಳೆಯನ್ನು ಅವರು ನಿಂತಲ್ಲೇ ಎರಡು ಸಲ ಓದಿದರು. ಆಮೇಲೆ ನನ್ನನ್ನು ಬಾವಿಯ ಕಡೆ ಕರೆದುಕೊಂಡು ಹೋಗಿ, ಉಳಿದವರಿಗೆ ಕೇಳದ ಹಾಗೆ ಕೇಳಿದರು.

“ಮೇಡಂ, ಈ ಲೆಕ್ಕಾ ಮಾಡಿದವ್ರು ನೀವರೀ?”

ಹೌದು ಎಂದೆ.

“ಲೆಕ್ಕಾ ಭಾಳ ಛಲೋ ಮಾಡೀರಿ. ಒಂದು ಹೆಜ್ಜೀನೂ ತಪ್ಪಿಲ್ಲ. ಆದ್ರ ಇಲ್ಲಿ ಒಂದು, ಗೀಟು, ಎಂಟು ಅಂತ ಐತಲ್ರೀ, ಅದು ಒಂದು ಪಾಯಿಂಟ್ ಎಂಟಲ್ರೀ. ಒಂದು ಸರಪಳಿ ಎಂಟಾಣೆ. ಒಂದೂವರಿ.”

ತಪ್ಪು ಇಷ್ಟೇ, ಖುರ್ಷಿದಾ. ನೀನೂ ಟೀಚರ್, ನಿನಗೆ ಅರ್ಥವಾಗುತ್ತದೆ. ಆದರೂ ಸಾವಕಾಶ ಬರೆಯುತ್ತೇನೆ, ಚಾಚಿಗೆ ನೀನು ಬಿಡಿಸಿ ಹೇಳಬೇಕಲ್ಲ.

ಹಳೆಯ ನಕ್ಷೆಯಲ್ಲಿ ನಮ್ಮ ಗಡಿಯ ಬಗ್ಗೆ ಎರಡು ಸಂಗತಿ ಬರೆದಿದ್ದರು. ಮೊದಲನೆಯದು ರಸ್ತೆಯ ಕಲ್ಲಿನ ಜಾಗ: ಊರ ಗಡಿಯ ಮೂಲೆಕಲ್ಲಿನಿಂದ ಉತ್ತರಕ್ಕೆ ಎರಡು ಸರಪಳಿ, ಪೂರ್ವಕ್ಕೆ ನಾಲ್ಕು ಸರಪಳಿ. ಎರಡನೆಯದು ಗಡಿ ಎಷ್ಟು ವಾಲುತ್ತದೆ ಎಂಬುದು: ಉತ್ತರಕ್ಕೆ ಹತ್ತು ಸರಪಳಿ ಹೋದರೆ ಪೂರ್ವಕ್ಕೆ 1-8. ಗೆರೆಯ ಮೇಲಿನ ಒಂದು ಬಿಂದು ಗೊತ್ತಿದ್ದು, ಅದರ ಇಳಿಜಾರು ಗೊತ್ತಿದ್ದರೆ ಗೆರೆ ಸಿಕ್ಕ ಹಾಗೆಯೇ. ಪಿಯುಸಿ ಮೊದಲ ವರ್ಷದ ಮಕ್ಕಳಿಗೆ ಇಪ್ಪತ್ತಾರು ವರ್ಷದಿಂದ ಇದನ್ನೇ ಹೇಳಿಕೊಡುತ್ತಿದ್ದೇನೆ. ಉತ್ತರದ ದೂರಕ್ಕೆ x, ಪೂರ್ವದ ದೂರಕ್ಕೆ y ಎಂದಿಟ್ಟುಕೊಂಡು ನಾನು ಬರೆದ ಸಮೀಕರಣ ಇದು:

y − 4 = 0.18 (x − 2)

ಹಳ್ಳದ ದಂಡೆ ಮೂಲೆಕಲ್ಲಿನಿಂದ ಇಪ್ಪತ್ತೆರಡು ಸರಪಳಿ ಉತ್ತರಕ್ಕಿದೆ. x ಜಾಗದಲ್ಲಿ 22 ಹಾಕಿದರೆ y ಬೆಲೆ 7.6. ಅಲ್ಲಿಗೆ ಬೇಲಿ ಹೋಯಿತು.

ಸರಪಳಿ ಎಂದರೆ ಮೂವತ್ಮೂರು ಅಡಿ. ರೂಪಾಯಿಯ ಹಾಗೆ ಅದಕ್ಕೂ ಹದಿನಾರು ಆಣೆ. 1-8 ಎಂದರೆ ಒಂದೂವರೆ ಸರಪಳಿ. ಹತ್ತಕ್ಕೆ ಒಂದೂವರೆ ಎಂದರೆ ಇಳಿಜಾರು 0.15. ಸರಿಯಾದ ಸಮೀಕರಣ ಹೀಗಿರಬೇಕಿತ್ತು:

y − 4 = 0.15 (x − 2)

ಇದರಲ್ಲಿ 22 ಹಾಕಿದರೆ y ಬೆಲೆ 7. ಮಂಗಳವಾರ ಕಲ್ಲು ಸಿಕ್ಕಿದ್ದು ಏಳು ಸರಪಳಿಗೇ. ಎರಡಕ್ಕೂ ವ್ಯತ್ಯಾಸ ಹತ್ತೊಂಬತ್ತು ಅಡಿ ಹತ್ತು ಇಂಚು. ರಸ್ತೆಯಿಂದ ಹಳ್ಳದವರೆಗೆ ಒಟ್ಟು ಆರು ಗುಂಟೆ ಜಾಗ ನಿಮ್ಮಿಂದ ನಮ್ಮ ಕಡೆ ಬಂದಿದೆ.

ಉಳಿದ ಅಳತೆಗಳೆಲ್ಲ 2-0, 4-0, 10-0 ಎಂದಿದ್ದವು. ಆಣೆ ಇದ್ದದ್ದು ಇಳಿಜಾರಿನಲ್ಲಿ ಮಾತ್ರ. ಬಿಂದು ತಪ್ಪಿದ್ದರೆ ರಸ್ತೆಯ ಮೇಲೆ ಹೋಗುವವರ ಕಣ್ಣಿಗೆ ಮೊದಲ ದಿನವೇ ಬೀಳುತ್ತಿತ್ತು. ಇಳಿಜಾರು ತಪ್ಪಿದರೆ ಹಾಗಾಗುವುದಿಲ್ಲ. ಕಲ್ಲಿನ ಹತ್ತಿರ ತಪ್ಪು ಸೊನ್ನೆ. ನೂರು ಅಡಿ ಹೋದರೆ ಮೂರು ಅಡಿ, ಅಷ್ಟು ಬದುವಿನ ಅಗಲ ಎಂದು ಬಿಟ್ಟುಬಿಡುತ್ತಾರೆ. ದೂರ ಹೋದಷ್ಟೂ ಬೆಳೆಯುತ್ತದೆ. ಬೆಳೆದು ಬೆಳೆದು ಕೊನೆಗೆ ಅದು ಮುಟ್ಟಿದ್ದು ನಿನ್ನಪ್ಪ, ನನ್ನ ಚಾಚಾ, ತೋಡಿದ ಬಾವಿಯನ್ನು.

ಇನ್ನು ಆ ದಿನದ ಮಾತು. 2020ರ ಜನವರಿ. ನೀನು ಅವತ್ತು ಗಂಗಾವತಿಯಲ್ಲಿದ್ದೆ. ನಿನಗೆ ಬೇರೆಯವರು ಹೇಳಿದ್ದಾರೆ. ನಾನು ಹೇಳಿಲ್ಲ.

ಮುಳ್ಳುಬೇಲಿ ಕಿತ್ತು ತಂತಿ ಹಾಕಬೇಕೆಂದು ಬಸವಕುಮಾರ ನಿಂತಿದ್ದ. ದಾಳಿಂಬೆ ಸಸಿ ಬರುವ ದಿನ ಗೊತ್ತಾಗಿತ್ತು. ಬಾವಿ ನಮ್ಮ ಜಾಗದಲ್ಲಿದೆ ಎಂದು ಅವನ ವಾದ. ಹಳ್ಳದ ಕಲ್ಲು ಕಾಣೆಯಾಗಿ ಐದು ವರ್ಷದ ಮೇಲೆ ಮಕ್ಬುಲಸಾಬ ಚಾಚಾ ಬಾವಿ ತೋಡಿದ್ದು ನಿಜ. ಅಪ್ಪ ಆಗ ಏನೂ ಅನ್ನಲಿಲ್ಲ ಎಂಬುದೂ ನಿಜ. “ಅಪ್ಪ ಸುಮ್ನಿದ್ದ ಅಂದ್ರ ಜಾಗಾ ಅವರದಾಗ್ತೈತೇನು?” ಎಂದು ತಮ್ಮ ಕೇಳುತ್ತಿದ್ದ. ನಮ್ಮ ಕಟ್ಟೆಯ ಮೇಲೆ ಹಿರಿಯರು ಕೂತರು. ಸರ್ಕಾರದ ಅಳತೆಗೆ ಅರ್ಜಿ ಹಾಕೋಣ ಎಂದವರೂ ಇದ್ದರು. ಬೇಡ ಎಂದದ್ದು ಚಾಚಿ.

“ಸರ್ಕಾರದವ್ರು ಯಾಕ್ರೀ? ನಮ್ಮ ಸುರೇಖಾ ಅದಾಳ. ಆಕಿ ಲೆಕ್ಕಾ ಮಾಡಿದ್ಲಂದ್ರ ಮುಗೀತು.”

ನನಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಅರ್ಧ ಗಂಟೆಯಲ್ಲಿ ಲೆಕ್ಕ ಮುಗಿಸಿ, ಗೀಟು ಹಾಕಿದ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಶುದ್ಧಪ್ರತಿ ಮಾಡಿ, ತರಗತಿಯಲ್ಲಿ ಓದುವ ಹಾಗೆ ಓದಿದೆ. ಎಲ್ಲರೂ ತಲೆಯಾಡಿಸಿದರು. ಯಾರಿಗೂ ಅರ್ಥವಾಗಿರಲಿಲ್ಲ. ಅರ್ಥವಾಗದ್ದಕ್ಕೇ ಇನ್ನಷ್ಟು ನಂಬಿದರು. ಚಾಚಿ ಮಾತ್ರ ಸ್ವಲ್ಪ ಮುಂದೆ ಸರಿದು ಕೂತು ಅಂದರು: “ಬೇಟಿ, ಆ ನಕ್ಷಾದಾಗ ಆಣೆ ಇರ್ತಾವಂತ ನಿಮ್ಮ ಚಾಚಾ ಅಂತಿದ್ರು. ಅಳತಿಯವ್ರ ಜೋಡಿ ಸರಪಳಿ ಹಿಡಿದವ್ರು ಅವ್ರು. ಇನ್ನೊಮ್ಮೆ ನೋಡ್ತಿಯೇನು?”

ನಾನು ನಕ್ಕೆ. “ಚಾಚಿ, ಆಣೆ ಹೋಗಿ ಅರವತ್ತ ವರ್ಷಾತು” ಎಂದೆ.

ಕಟ್ಟೆಯೆಲ್ಲ ನಕ್ಕಿತು. ಚಾಚಿಯೂ ನಕ್ಕರು. ನಗುತ್ತಲೇ ಸೆರಗು ಸರಿಮಾಡಿಕೊಂಡು ಹೆಬ್ಬೆಟ್ಟು ಒತ್ತಿದರು. ಒಂದು ಬಿಂದು, ಒಂದು ಇಳಿಜಾರು ಸಾಕು ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಬಂದ ಉತ್ತರವನ್ನು ಇನ್ನೊಂದು ಬಿಂದುವಿನಿಂದ ತಾಳೆ ನೋಡಿ ಎಂದೂ ಹೇಳುತ್ತೇನೆ. ಗಡಿಯಿಂದ ನಾಲ್ಕು ಅಡಿ ಒಳಗೆ ಬಿಟ್ಟು ತೋಡಿದೆ ಎಂದು ಚಾಚಾ ಬದುಕಿರುವವರೆಗೂ ಹೇಳುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆಯ ಬಿಂದು ಯಾವುದಿತ್ತು? ಬಾವಿ ತೋಡಿದ ಬೇಸಿಗೆ ಅದರಿಂದ ಎತ್ತಿ ಹಾಕಿದ ಮಣ್ಣಿನ ದಿಬ್ಬದ ಮೇಲೆ ಕೂತು ನಾವಿಬ್ಬರೂ ಹತ್ತನೇ ಇಯತ್ತೆಗೆ ಓದಿದ್ದೆವು. ನನಗೆ ಯಾವುದೂ ಮರೆತಿರಲಿಲ್ಲ. ಕೇಳಬೇಕು ಎನಿಸಲಿಲ್ಲ, ಅಷ್ಟೆ. ಮಂಗಳವಾರ ನಾನೇ ಟೇಪು ಹಿಡಿದೆ. ಗಡಿಯಿಂದ ಬಾವಿಯ ಅಂಚಿಗೆ ನಾಲ್ಕು ಅಡಿ ಎರಡು ಇಂಚು.

ಒಪ್ಪಂದ ಪತ್ರದಲ್ಲಿ ಒಂದು ವಾಕ್ಯವಿದೆ, ನೀನು ಓದಿದ್ದೀಯ: “ಮಕ್ಬುಲಸಾಬರು ತಮ್ಮದಲ್ಲದ ಜಾಗದಲ್ಲಿ ಬಾವಿ ತೋಡಿದ್ದು ಲೆಕ್ಕದಿಂದ ಸಿದ್ಧವಾಗಿರುತ್ತದೆ.” ಎರಡು ದಿನ ಬಿಟ್ಟು ನೀನು ಊರಿಗೆ ಬಂದಾಗ ಆ ಕಾಗದ ನಿನ್ನ ಕೈಯಲ್ಲಿತ್ತು. ನೀನು ಕೂಗಾಡಲಿಲ್ಲ. “ಸುರೇಖಾ, ನಿನ್ನ ಗಣಿತ ಸರಿ ಇರಬೋದು. ನಮ್ಮಪ್ಪನ ಹೆಸರಿನ ಮುಂದ ಇದನ್ನ ಬರೀಬೇಕಾದ್ರ ನಿನ್ನ ಕೈ ನಡುಗಲಿಲ್ಲೇನು?” ಎಂದು ಕೇಳಿದೆ ನೀನು. ಬರೆದದ್ದು ನಾನಲ್ಲ, ಪತ್ರ ಬರೆಯುವವನು ಎಂದು ನಾನು ಉತ್ತರ ಕೊಟ್ಟೆ. ಎಂಥ ಉತ್ತರ. ಆ ಮೇಲೆ ನಾವು ಮಾತಾಡಿಲ್ಲ.

ಈ ಜುಲೈನಲ್ಲಿ ಕಾಲೇಜಿನ ತರಬೇತಿಗೆಂದು ಗಂಗಾವತಿಗೆ ಬಂದಿದ್ದೆ. ಸಂಜೆ ಕಾಯಿಪಲ್ಲೆ ಮಾರುವ ಕಡೆ ಚಾಚಿಯನ್ನು ಕಂಡೆ. ಅವರು ನಿನಗೆ ಹೇಳಿದರೋ ಇಲ್ಲವೋ. ಹಸಿಮೆಣಸಿನಕಾಯಿ ತುದಿ ಮುರಿದು ಮೂಸುತ್ತ ನಿಂತಿದ್ದರು. ಅಂಗಡಿಯ ರೆಹಮಾನ ಎಂಬವ ಛೇಡಿಸಿದ: “ತಗೋಳದಿದ್ರ ಬಿಡಮ್ಮಾ, ಮೆಣಸಿನಕಾಯಿಗ್ಯಾಕ ಪರೀಕ್ಷಾ ಇಟ್ಟಿ?”

“ಮೂವತ್ತ ವರ್ಷ ಕುಷ್ಟಗಿ ಸಂತ್ಯಾಗ ಮಾರೀನೋ. ನೀ ಕೂಡೂದಕ್ಕಿಂತ ಮೊದಲ ನಾ ತಕ್ಕಡಿ ಹಿಡಿದೀನಿ. ಇದು ಮೊನ್ನೆ ಹರದದ್ದು. ಸುಳ್ಳ ಹೇಳಬ್ಯಾಡ” ಎಂದರು ಚಾಚಿ.

ಬಾವಿ ಇರುವಾಗ ತಾವೇ ಬೆಳೆದು ಮಾರುತ್ತಿದ್ದದ್ದನ್ನು ಅವರು ಈಗ ಕಾಲು ಕಿಲೋ ಕೊಳ್ಳುತ್ತಿದ್ದರು. ನಾನು ತಿರುಗಿ ಹೋಗಿಬಿಡಬೇಕೆಂದಿದ್ದೆ. ಅಷ್ಟರಲ್ಲಿ ನನ್ನನ್ನು ನೋಡಿದರು. ಕೈ ಹಿಡಿದುಕೊಂಡರು, ಬಿಡಲಿಲ್ಲ. ಸೊರಗಿದೀ ಎಂದರು. ಬಸವಕುಮಾರನ ಮಕ್ಕಳು ಎಷ್ಟನೇ ಇಯತ್ತೆ ಎಂದರು. ಆಮೇಲೆ ಕೇಳಿದರು: “ಬಾವ್ಯಾಗ ನೀರ ಹೆಂಗದಾವ? ಬ್ಯಾಸಿಗ್ಯಾಗ ಒಂಬತ್ತನೇ ಮೆಟ್ಟಲಾ ಕಂಡಿತ್ತೇನು?”

ನಾನು ನೋಡಿಲ್ಲ ಎಂದೆ.

ಅವರೇ ಮುಂದುವರಿಸಿದರು: “ನೀ ಮನಸಿಗೆ ಹಚ್ಕೋಬ್ಯಾಡ ಬೇಟಿ. ನಿನ್ನ ಲೆಕ್ಕಾ ತಪ್ಪೂದಿಲ್ಲ. ಅವ್ರು ಮಂದಿ ಜಾಗಾದಾಗ ಗುದ್ದಲಿ ಹಾಕೂ ಮನಷ್ಯಾ ಅಲ್ಲ. ಹೆಂಗ ತಪ್ಪಿದ್ರೋ ಏನೋ. ನಿಮ್ಮಪ್ಪಗ ಅನ್ಯಾಯ ಆತಂತ ಇಬ್ಬರ ಸಲುವಾಗಿ ದುವಾ ಮಾಡ್ತೀನಿ ನಾ.”

ಖುರ್ಷಿದಾ, ಹೊಲದ ಜಾಗ ಹೋದದ್ದು ನನಗೆ ಗೊತ್ತಿತ್ತು, ಬಾವಿ ಹೋದದ್ದು ಗೊತ್ತಿತ್ತು. ನನ್ನ ಹಾಳೆಯಿಂದ ಚಾಚಿ ತಮ್ಮ ಗಂಡನ ಮೇಲೆ ಸಂಶಯಪಡುವ ಹಾಗಾಗಿದೆ ಎಂಬುದು ನನಗೆ ಅವತ್ತೇ ತಿಳಿದದ್ದು. ನಲವತ್ತು ವರ್ಷ ಬಾಳಿದ ಮನುಷ್ಯನ ಮಾತಿಗಿಂತ ನನ್ನ ದಶಾಂಶ ಬಿಂದುವನ್ನು ಅವರು ಹೆಚ್ಚು ನಂಬಿದ್ದಾರೆ. ಆ ದಶಾಂಶ ಬಿಂದು ನಕ್ಷೆಯಲ್ಲಿ ಇರಲೇ ಇಲ್ಲ. ನಾನು ಇಟ್ಟದ್ದು.

ಲೆಕ್ಕ ತಪ್ಪೆಂದು ನನಗೆ ಗೊತ್ತಾದದ್ದು ಮೊನ್ನೆ ಮಂಗಳವಾರ, ಸಿದ್ದೇಶ ತೋರಿಸಿದಾಗ. ಅವತ್ತು ಸಂಜೆಯೇ ಬಸವಕುಮಾರನ ಜೊತೆ ಕೂತು ಮಾತಾಡಿದೆ. ಅವನನ್ನು ಕೆಟ್ಟವನೆಂದು ನಿನಗೆ ಬರೆಯಲಾರೆ. ಅವನು ಅಂದದ್ದರಲ್ಲಿ ಅರ್ಧ ನ್ಯಾಯವಿದೆ.

“ಅಕ್ಕ, ಗೆರಿ ಹಾಕಿಕೊಟ್ಟಾಕಿ ನೀನ. ಇಷ್ಟ ಜಾಗಾ ಕೊಡು ಅಂತ ನಾ ಕೇಳಿದ್ನೇನು? ನೀ ತೋರಿಸಿದಲ್ಲೇ ಕಂಬಾ ನೆಟ್ಟೆ, ಗಿಡಾ ಹಚ್ಚಿದೆ. ಐವತ್ತ ಗಿಡ ಅದಾವ ಅದರಾಗ. ಈಗ ನೀನ ಬಂದು ತಪ್ಪೈತಿ ಅಂದ್ರ?”

ತಪ್ಪು ನನ್ನದು, ಗಿಡದ ನಷ್ಟ ನನ್ನ ಪಾಲಿನ ಹೊಲದಲ್ಲಿ ಹಿಡಿದುಕೋ ಎಂದೆ. ಅವನು ಅದಕ್ಕೂ ಒಪ್ಪಲಿಲ್ಲ.

“ಸಾಲ್ಯಾಗ ಹುಡುಗೂರ ಮಾರ್ಕ್ಸ್ ಕಳದಂಗ ಅಪ್ಪನ ಹೊಲಾ ಕಳೀಬ್ಯಾಡ. ಊರಾಗ ಏನಂತಾರ ಗೊತ್ತೈತೇನು? ಮೇಡಂಗ ಲೆಕ್ಕಾನ ಬರೂದಿಲ್ಲಂತಾರ.”

“ಅನ್ನಲಿ” ಎಂದೆ.

“ನೀ ಅಂತಿ ಅನ್ನಲಿ ಅಂತ. ಬಾವಿ ಇದ್ರ ತಾನ ಈ ಜಗಳಾ? ಮಣ್ಣ ಹಾಕಿ ಮುಚ್ಚಿಬಿಡ್ತೀನಿ. ಅವರದೂ ಅಲ್ಲ, ನಮ್ಮದೂ ಅಲ್ಲ.”

ಸಿಟ್ಟಿನಲ್ಲಿ ಅಂದ ಮಾತು ಎಂದುಕೊಂಡೆ. ಬುಧವಾರ ಬೆಳಿಗ್ಗೆ ಪಕ್ಕೀರವ್ವ ಫೋನ್ ಮಾಡಿ, “ಯವ್ವಾ, ಜೆಸಿಬಿ ಹಳ್ಳದ ದಾರ್ಯಾಗ ನಿಂತೈತಿ” ಎಂದಳು. ಕಾಲೇಜಿಗೆ ರಜೆ ಹಾಕಿ ಹೋದೆ. ಬಾವಿಯ ಕಟ್ಟೆಯ ಮೇಲೆ ಕೂತೆ. ಬಸವಕುಮಾರ ಬಂದ, ನೋಡಿದ. ಒಂದು ತಾಸಿನ ಮೇಲೆ ಜೆಸಿಬಿಯನ್ನು ತಿರುಗಿ ಕಳಿಸಿದ. ಅಲ್ಲಿ ಕೂತಾಗ ನೀರು ನೋಡಿದೆ. ಈಗ ಹನ್ನೊಂದು ಮೆಟ್ಟಿಲು ಮುಳುಗಿವೆ. ಚಾಚಿಗೆ ಹೇಳು.

ಮಧ್ಯಾಹ್ನ ಅವನು ಕುಷ್ಟಗಿಯ ಕಚೇರಿಗೆ ಹೋಗಿ ಅಳತೆಯ ಮೇಲೆ ತಕರಾರು ಅರ್ಜಿ ಕೊಟ್ಟಿದ್ದಾನೆ. ವಿಚಾರಣೆ ಡಿಸೆಂಬರ್ ಮೂರಕ್ಕಿದೆ. ಅಲ್ಲಿಯವರೆಗೆ ಬಾವಿಯನ್ನು ಮುಟ್ಟುವುದಿಲ್ಲ ಎಂದು ನನ್ನ ಮತ್ತು ಸಿದ್ದೇಶರ ಎದುರು ಬರೆದುಕೊಟ್ಟಿದ್ದಾನೆ. ಬರೆದದ್ದು ಮೂರನೇ ತಾರೀಕಿನವರೆಗೆ ಮಾತ್ರ. ನಿಮ್ಮ ಹೊಲದ ಖಾತೆ ಚಾಚಿಯ ಹೆಸರಿನಲ್ಲಿದೆ. ಅವರು ಬಂದು, ಗಡಿಯನ್ನು ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಆ ದಿನವೇ ಮುಗಿಯುತ್ತದೆ. ಬಾರದಿದ್ದರೆ ಮುಂದಿನ ತಾರೀಕು ಕೊಡುತ್ತಾರೆ. ಆ ನಡುವೆ ಬಾವಿ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ನಾನು ದಿನಾ ಅಲ್ಲಿ ಕೂತಿರಲಾರೆ.

ನನ್ನ ಲಿಖಿತ ಹೇಳಿಕೆಯನ್ನು ಕಚೇರಿಗೆ ಕೊಟ್ಟಾಗಿದೆ. ಅದರ ಪ್ರತಿ ಇದರ ಜೊತೆಗಿದೆ. 2020ರ ಲೆಕ್ಕ ನಾನೇ ಮಾಡಿದ್ದು, ಆಣೆಯನ್ನು ದಶಾಂಶವೆಂದು ಓದಿದ್ದು, ಚಾಚಿ ನೂರಜಾನಬಿಯವರು ಅವತ್ತೇ ಆಣೆಯ ಮಾತು ಎತ್ತಿದ್ದರೂ ನಾನು ನಕ್ಕು ತಳ್ಳಿಹಾಕಿದ್ದು, ಮೂರೂ ಅದರಲ್ಲಿವೆ. ಮಕ್ಬುಲಸಾಬರು ತಮ್ಮ ಜಾಗದಲ್ಲಿಯೇ ಬಾವಿ ತೋಡಿದ್ದಾರೆ, ಹಳೆಯ ಒಪ್ಪಂದದ ವಾಕ್ಯ ತಪ್ಪು, ಅದನ್ನು ರದ್ದು ಮಾಡಬೇಕು ಎಂದು ಕೊನೆಗೆ ಬರೆದಿದ್ದೇನೆ. ವಿಚಾರಣೆಯಲ್ಲಿ ಇದನ್ನು ಎಲ್ಲರ ಎದುರು ಗಟ್ಟಿಯಾಗಿ ಓದಿಸಬೇಕೆಂದು ಕೇಳಿದ್ದೇನೆ. ಚಾಚಿ ಬರಬೇಕು ಎನ್ನುವುದು ಹೆಬ್ಬೆಟ್ಟಿಗಾಗಿ ಮಾತ್ರವಲ್ಲ. ಆ ಓದುವಿಕೆ ಅವರ ಕಿವಿಗೆ ಬೀಳಬೇಕು.

ನಿನ್ನನ್ನು ನನ್ನೊಡನೆ ಮಾತಾಡು ಎಂದು ಕೇಳುವುದಿಲ್ಲ. ಬಂದು, ದೂರ ಕೂತು, ಕೆಲಸ ಮುಗಿಸಿಕೊಂಡು ಹೋಗು. ಕನಕಗಿರಿ, ತಾವರಗೇರಾ ಮೇಲೆ ಬರುವ ಬಸ್ಸು ಹಿಡಿದರೆ, ಇಳಿದಲ್ಲಿಂದ ಕಚೇರಿಗೆ ನಡೆದು ಹೋಗುವಷ್ಟು ದೂರ. ಚಾಚಿಗೆ ನಡೆಯಲಾಗದಿದ್ದರೆ ನಿಲ್ದಾಣದಲ್ಲಿ ಆಟೋ ಇರುತ್ತವೆ. ಅವರ ಆಧಾರ್ ಕಾರ್ಡ್, ಪಹಣಿ, ಒಪ್ಪಂದ ಪತ್ರದ ನಿಮ್ಮ ಪ್ರತಿ, ಮೂರನ್ನೂ ತಾ.

ಚಾಚಿಯ ಪಾದಕ್ಕೆ ನನ್ನ ನಮಸ್ಕಾರ.

ಸುರೇಖಾ

ಮರೆತು ಬಿಟ್ಟದ್ದಲ್ಲ, ಬಚ್ಚಿಟ್ಟದ್ದು: ಮೇಲಿನ ಪತ್ರದಲ್ಲಿ ಎರಡು ಸುಳ್ಳು ಇವೆ. ಹೊಡೆದುಹಾಕದೆ ಹಾಗೆಯೇ ಬಿಟ್ಟಿದ್ದೇನೆ, ನಿನಗೆ ಬರೆಯುವಾಗಲೂ ನಾನು ಏನು ಮಾಡಿದೆ ಎಂದು ನೀನು ನೋಡಲಿ ಎಂದು. ತಪ್ಪು ನನಗೆ ಗೊತ್ತಾದದ್ದು ಮಂಗಳವಾರವಲ್ಲ. 2021ರ ಡಿಸೆಂಬರ್‌ನಲ್ಲಿ ನಮ್ಮ ಕಾಲೇಜಿನ ಹೊಸ ಕೋಣೆಗೆ ಜಾಗ ಅಳೆದಾಗ ನಕ್ಷೆಯಲ್ಲಿ 4-8 ಎಂದಿತ್ತು. ಅಳೆಯುವವರು ಅದನ್ನು ನಾಲ್ಕೂವರೆ ಎಂದು ಓದಿದರು. ಮನೆಗೆ ಬಂದು ನಮ್ಮ ಲೆಕ್ಕವನ್ನು ತಿರುಗಿ ಮಾಡಿದೆ. ಹತ್ತು ನಿಮಿಷ ಹಿಡಿಯಿತು. ಹಾಳೆ ಮಡಿಸಿ ಇಟ್ಟೆ, ಯಾರಿಗೂ ಹೇಳಲಿಲ್ಲ. ತಮ್ಮನಿಗೆ ಹೆದರಿ ಅಲ್ಲ. ನನ್ನ ಲೆಕ್ಕ ತಪ್ಪಿತು ಎಂದು ಊರು ಅನ್ನುವುದನ್ನು ಕೇಳಲಾರದೆ. ಗಂಗಾವತಿಯಲ್ಲಿ ಚಾಚಿ ನನ್ನ ಕೈ ಹಿಡಿದಾಗ ನನಗೆ ಎಲ್ಲ ಗೊತ್ತಿತ್ತು. ಎರಡನೆಯ ಸುಳ್ಳು: ಹೊಲ ಭಾಗ ಮಾಡುವ ಮಾತು ನಮ್ಮ ಮನೆಯಲ್ಲಿ ಯಾವತ್ತೂ ಬಂದಿಲ್ಲ. ಆಗಸ್ಟ್‌ನ ಅರ್ಜಿ ಹಾಕಿದ್ದು ಅವತ್ತು ಚಾಚಿ ಆಡಿದ ಮಾತಿನಿಂದ. ಆಗಲೂ ನನ್ನ ಬಾಯಿಂದ ಹೇಳದೆ, ಸರ್ಕಾರದವರೇ ಬಂದು ಕಂಡುಹಿಡಿಯಲಿ ಎಂದು ಕಾದೆ. ಕಚೇರಿಗೆ ಕೊಟ್ಟ ಹೇಳಿಕೆಯಲ್ಲಿ ಈ ತಾರೀಕು ಇರಲಿಲ್ಲ. ಇವತ್ತು ಮಧ್ಯಾಹ್ನ ತಿರುಗಿ ಹೋಗಿ ಅದನ್ನೂ ಸೇರಿಸಿ ಸಹಿ ಮಾಡಿ ಬಂದಿದ್ದೇನೆ. ಜೊತೆಗಿರುವ ಪ್ರತಿಯ ಎರಡನೇ ಪುಟದಲ್ಲಿದೆ.

ವಿಚಾರಣೆ ಡಿಸೆಂಬರ್ 3, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಕುಷ್ಟಗಿ ತಾಲ್ಲೂಕು ಕಚೇರಿಯ ಭೂಮಾಪನ ವಿಭಾಗದಲ್ಲಿ.